ಮೊದಲು ಮೈ, ಆಮೇಲೆ ಕಥೆ: ನಿಮ್ಮ ಬದುಕಿನ ಘಟನೆ ಬರೆದು ನಿಮ್ಮನ್ನೇ ಅರಿಯುವ ಹಂತ ಹಂತದ ಮಾರ್ಗದರ್ಶಿ

ತಮ್ಮ ಬದುಕಿನ ಘಟನೆಗಳನ್ನು ಕಥೆಯಂತೆ ಬರೆದು ತಮ್ಮನ್ನು ಅರ್ಥ ಮಾಡಿಕೊಳ್ಳಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ದಿನ ನಾಲ್ಕು ಪುಟ ಬರೆಯುತ್ತಾರೆ. ಎರಡನೇ ದಿನ ಅದೇ ನಾಲ್ಕು ಪುಟ ಬೇರೆ ಮಾತಿನಲ್ಲಿ ಬರುತ್ತದೆ. ಮೂರನೇ ದಿನಕ್ಕೆ ಮನಸ್ಸು ಮೊದಲಿಗಿಂತ ಕೆಟ್ಟಿರುತ್ತದೆ, ನೋಟ್‌ಬುಕ್ ಮೂಲೆ ಸೇರುತ್ತದೆ. ಇನ್ನು ಕೆಲವರು ಕಣ್ಣು ಮುಚ್ಚಿ ದೇಹವನ್ನು ಗಮನಿಸಲು ಕೂರುತ್ತಾರೆ. ಒಂದೋ ನಿದ್ದೆ ಬರುತ್ತದೆ, ಇಲ್ಲವೇ "ನನಗೇನೂ ಗೊತ್ತಾಗ್ತಿಲ್ಲ" ಅಂತ ಎದ್ದುಬಿಡುತ್ತಾರೆ.

ಎರಡೂ ಕಡೆ ಎಡವಟ್ಟಾಗುವುದು ಕ್ರಮದಲ್ಲಿ. ಬರೆಯುವವರು ದೇಹವನ್ನು ಬಿಟ್ಟು ಬರೆಯುತ್ತಾರೆ. ಹಾಗಾಗಿ ನಡೆದದ್ದು ಕಾಗದಕ್ಕೆ ಬರುವುದೇ ಇಲ್ಲ, ಅದರ ಬಗ್ಗೆ ಅವರಿಗಿರುವ ಅಭಿಪ್ರಾಯ ಮಾತ್ರ ಮತ್ತೆ ಮತ್ತೆ ಬರುತ್ತದೆ. ದೇಹ ಗಮನಿಸುವವರ ಮುಂದೆ ಇಂಥದ್ದೇ ಅನ್ನುವ ಘಟನೆ ಇರುವುದಿಲ್ಲ. ಹಾಗಾಗಿ ಗಮನ ನಿಲ್ಲುವುದಕ್ಕೆ ಜಾಗವೇ ಸಿಗುವುದಿಲ್ಲ. ಇಲ್ಲಿರುವ ಕ್ರಮ ಇವೆರಡನ್ನೂ ಜೋಡಿಸುತ್ತದೆ: ಮೊದಲು ಮೈ, ಆಮೇಲೆ ಘಟನೆ, ಮತ್ತೆ ಮೈ, ಅರ್ಥ ಹುಡುಕುವುದು ಕಟ್ಟಕಡೆಗೆ. ಈ ಕ್ರಮ ತಪ್ಪದಿದ್ದರೆ ಉಳಿದ ಸಣ್ಣಪುಟ್ಟ ತಪ್ಪುಗಳು ಅಷ್ಟಾಗಿ ಕಾಡುವುದಿಲ್ಲ.

## ಇದನ್ನು ಒಬ್ಬರೇ ಮಾಡಬಾರದವರು

ಈ ಮಾತನ್ನು ಕೊನೆಯ ಸಾಲಿನಲ್ಲಿ ಹೇಳಿ ಮುಗಿಸುವುದು ರೂಢಿ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇತ್ತೀಚೆಗೆ ಹಿಂಸೆ, ಅಪಘಾತ ಅಥವಾ ಹತ್ತಿರದವರ ಸಾವು ಕಂಡವರು, ಹಳೆಯ ಘಟನೆ ಈಗಲೇ ನಡೆಯುತ್ತಿರುವಂತೆ ಕಣ್ಣ ಮುಂದೆ ಬಂದು ನಿಲ್ಲುವವರು, ಪದೇ ಪದೇ ಪ್ಯಾನಿಕ್ ಆಗುವವರು, ತಮಗೆ ತಾವೇ ನೋವು ಮಾಡಿಕೊಳ್ಳುವ ಯೋಚನೆ ಬರುವವರು ಇದನ್ನು ಒಬ್ಬರೇ ಕೂತು ಮಾಡಬೇಡಿ. ಆಪ್ತಸಮಾಲೋಚಕರ ಜೊತೆ ಮಾಡಿದರೆ ಇದೇ ವಿಧಾನ ಕೆಲಸಕ್ಕೆ ಬರುತ್ತದೆ. ಒಬ್ಬರೇ ಇದ್ದಾಗ ನೆನಪು ತಡೆಯಲಾರದಷ್ಟು ಜೋರಾಗಿ ಬಂದರೆ ಹಿಡಿದು ನಿಲ್ಲಿಸುವವರು ಪಕ್ಕದಲ್ಲಿ ಇರುವುದಿಲ್ಲ.

ಇನ್ನೊಂದು ಮಾತು. ಎದೆ ನೋವು, ಉಸಿರಾಟದ ತೊಂದರೆ, ಕೈ ಕಾಲು ಜೋಮು ಹಿಡಿಯುವುದು ಇವುಗಳಿಗೆ ಕಥೆಯಲ್ಲಿ ಅರ್ಥ ಹುಡುಕಲು ಹೋಗಬೇಡಿ. ಮೊದಲು ವೈದ್ಯರಿಗೆ ತೋರಿಸಿ.

## ಬೇಕಾಗುವ ಸಾಮಾನು

ಹಾಳೆ ಮತ್ತು ಪೆನ್ನು. ಟೈಮರ್. ಬೆನ್ನು ಆನಿಸಬಹುದಾದ ಕುರ್ಚಿ, ಅದರಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಯಾರೂ ಬಾಗಿಲು ತಟ್ಟದ 40 ನಿಮಿಷ. ಇಷ್ಟು ಸಾಕು.

ಫೋನಿನಲ್ಲಿ ಟೈಪ್ ಮಾಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಮಾಡಬಹುದು, ಆದರೆ ಬೇಡ ಅನ್ನುತ್ತೇನೆ. ಟೈಪ್ ಮಾಡುವಾಗ ಹಿಂದಕ್ಕೆ ಹೋಗಿ ಅಳಿಸುವುದು ಸುಲಭ. ನಾವು ಅಳಿಸುವುದು ಹೆಚ್ಚಾಗಿ ಯಾವ ಸಾಲನ್ನು? ನಮಗೆ ಮುಜುಗರ ತರುವ ಸಾಲನ್ನು. ನಾಲ್ಕನೇ ಹಂತಕ್ಕೆ ಬೇಕಾಗಿರುವುದು ಅದೇ ಸಾಲು.

ಹಾಸಿಗೆಯ ಮೇಲೆ ಕೂರಬೇಡಿ, ನಿದ್ದೆ ಬರುತ್ತದೆ. ರಾತ್ರಿ ಮಲಗುವ ಹೊತ್ತಿಗೆ ಮಾಡಬೇಡಿ, ಬರೆದದ್ದು ತಲೆಯಲ್ಲಿ ಸುತ್ತಿ ನಿದ್ದೆಯೇ ಬರುವುದಿಲ್ಲ. ಬರೆದ ಹಾಳೆ ಯಾರ ಕೈಗೂ ಸಿಗುವುದಿಲ್ಲ ಅನ್ನುವ ಖಾತ್ರಿ ಇರಬೇಕು. ಆ ಖಾತ್ರಿ ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಹರಿದು ಹಾಕಿ. ಯಾರಾದರೂ ಓದಿಬಿಟ್ಟರೆ ಅನ್ನುವ ಅನುಮಾನ ಸ್ವಲ್ಪವೇ ಇದ್ದರೂ ಕೈ ಸುಳ್ಳು ಬರೆಯಲು ಶುರು ಮಾಡುತ್ತದೆ.

## ಹಂತ 1: ಸಣ್ಣ ಘಟನೆಯನ್ನೇ ಆರಿಸಿಕೊಳ್ಳಿ

ಕಾಗದದ ಮೇಲೆ ಐದು ಘಟನೆ ಪಟ್ಟಿ ಮಾಡಿ. ಕಳೆದ ಒಂದೆರಡು ತಿಂಗಳಲ್ಲಿ ನಡೆದಿರಬೇಕು, ಮನಸ್ಸಿನಲ್ಲಿ ಏನೋ ಅಂಟಿಕೊಂಡಂತೆ ಉಳಿದಿರಬೇಕು. ಪ್ರತಿಯೊಂದರ ಮುಂದೆ ಅದು ಎಷ್ಟು ಕಾಡುತ್ತದೆ ಅಂತ 10ಕ್ಕೆ ಅಂಕ ಕೊಡಿ. 3 ಅಥವಾ 4 ಬಂದದ್ದನ್ನು ಆರಿಸಿ.

ಎಲ್ಲರೂ ನೇರವಾಗಿ 9ಕ್ಕೆ ಕೈ ಹಾಕುತ್ತಾರೆ. ದೊಡ್ಡ ಗಾಯದಿಂದಲೇ ದೊಡ್ಡ ಬೆಳವಣಿಗೆ ಅನ್ನುವ ಲೆಕ್ಕ. ಆದರೆ 9 ಅಂಕದ ಘಟನೆ ಬರೆಯುವಾಗ ಮೈ ಒಂದೋ ಪೂರ್ತಿ ಬಿಗಿದುಕೊಳ್ಳುತ್ತದೆ, ಇಲ್ಲವೇ ಪೂರ್ತಿ ಮರಗಟ್ಟುತ್ತದೆ. ಆಗ ಸಣ್ಣ ಸೂಚನೆಗಳು ಕಾಣುವುದಿಲ್ಲ. ಕಣ್ಣಿಟ್ಟು ನೋಡುವ ಅಭ್ಯಾಸ ಆಗುವುದು 3-4ರಲ್ಲೇ.

ಘಟನೆ ಸರಿಯಾಗಿದೆಯಾ ಅಂತ ನೋಡಲು ಒಂದು ಪರೀಕ್ಷೆ ಇದೆ. ಅದು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಹತ್ತು ನಿಮಿಷದೊಳಗೆ ನಡೆದಿತ್ತಾ? "ನನ್ನ ಬಾಲ್ಯ" ಅನ್ನುವುದು ಘಟನೆ ಅಲ್ಲ. "ನನಗೂ ಅಕ್ಕನಿಗೂ ಆಗಿಬರಲ್ಲ" ಅನ್ನುವುದೂ ಅಲ್ಲ, ಅದು ತೀರ್ಪು. "ಮೊನ್ನೆ ಸಂಜೆ ಅಕ್ಕ ಫೋನ್ ಮಾಡಿದ್ದಳು" ಅನ್ನುವುದು ಘಟನೆ. ಉದಾಹರಣೆಗೆ ಇದನ್ನೇ ಇಟ್ಟುಕೊಂಡು ಮುಂದೆ ಹೋಗೋಣ. ಬರೆಯುವವಳನ್ನು ತಂಗಿ ಅನ್ನೋಣ.

## ಹಂತ 2: ಬರೆಯುವ ಮೊದಲು ಮೈಯ ಲೆಕ್ಕ

ಐದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಮುಂದಿನ ಹಂತಗಳಲ್ಲಿ ಯಾವುದು ಕಥೆಯಿಂದ ಬಂದದ್ದು, ಯಾವುದು ಬೆಳಗಿನಿಂದ ಇದ್ದದ್ದು ಅಂತ ಗೊತ್ತಾಗುವುದೇ ಇಲ್ಲ.

ಕುರ್ಚಿಯಲ್ಲಿ ಕೂತು ಪಾದದಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಪಾದ, ಮೊಣಕಾಲು, ಸೊಂಟ, ಹೊಟ್ಟೆ, ಎದೆ, ಭುಜ, ಗಂಟಲು, ದವಡೆ, ಹಣೆ. ಒಂದೊಂದು ಜಾಗದಲ್ಲಿ ಎರಡು ಉಸಿರಿನಷ್ಟು ಹೊತ್ತು ನಿಲ್ಲಿ. ಕಣ್ಣು ಮುಚ್ಚಲೇಬೇಕು ಅಂತಿಲ್ಲ. ಮುಚ್ಚಿದರೆ ಆತಂಕ ಜಾಸ್ತಿ ಆಗುವವರು ನೆಲದ ಮೇಲೆ ಒಂದು ಜಾಗ ನೋಡುತ್ತಾ ಇರಬಹುದು.

ಏನು ಕಂಡಿತೋ ಅದನ್ನು ಒಂದೆರಡು ಪದದಲ್ಲಿ ಬರೆದುಕೊಳ್ಳಿ: ಭುಜ ಬಿಗಿ, ಹೊಟ್ಟೆ ಖಾಲಿ, ಪಾದ ತಣ್ಣಗೆ, ಎದೆ ಏನೂ ಗೊತ್ತಾಗಲಿಲ್ಲ. ಹೌದು, "ಗೊತ್ತಾಗಲಿಲ್ಲ" ಅಂತಲೂ ಬರೆಯಿರಿ. ಅದೂ ಒಂದು ಮಾಹಿತಿಯೇ.

ಇಲ್ಲಿ ಬಳಸುವ ಪದಗಳ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿರಿ. ಬಿಗಿ, ಸಡಿಲ, ಬಿಸಿ, ತಂಪು, ಭಾರ, ಹಗುರ, ಜುಮ್ಮೆನ್ನುವುದು, ಒತ್ತುವುದು, ಮಿಡಿಯುವುದು ಇವು ಮೈಯ ಪದಗಳು. ಬೇಸರ, ಅವಮಾನ, ಒತ್ತಡ ಇವು ಮೈಯ ಪದಗಳಲ್ಲ. "ಎದೆ ಒಡೆದುಹೋಯಿತು" ಅನ್ನುವುದೂ ಅಲ್ಲ. ಅಂಥ ಮಾತು ಬಾಯಿಗೆ ಬಂದ ಕೂಡಲೇ, "ಸರಿ, ಎದೆಯ ಯಾವ ಜಾಗ? ಬಿಗಿಯಾ, ಭಾರವಾ?" ಅಂತ ಕೇಳಿಕೊಳ್ಳಿ.

ಎಲ್ಲಿ ನೋಡಬೇಕು ಅಂತಲೇ ತಿಳಿಯದವರು ಮುಖ, ಗಂಟಲು, ಎದೆ, ಹೊಟ್ಟೆಯಿಂದ ಶುರು ಮಾಡಿ. ಫಿನ್‌ಲ್ಯಾಂಡಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸುಮಾರು 700 ಜನ ದೇಹದ ಚಿತ್ರಕ್ಕೆ ಬಣ್ಣ ಹಚ್ಚಿ, ಯಾವ ಭಾವನೆ ಮೈಯಲ್ಲಿ ಎಲ್ಲಿ ತಿಳಿಯುತ್ತದೆ ಅಂತ ತೋರಿಸಿದ್ದರು. ಹೆಚ್ಚಿನ ಭಾವನೆಗಳಲ್ಲಿ ತಲೆ ಮತ್ತು ಎದೆಯ ಭಾಗಕ್ಕೆ ಬಣ್ಣ ಬಿದ್ದಿತ್ತು. ಅವರು ಹೇಳಿದ್ದು ತಮಗೆ ಅನ್ನಿಸಿದ್ದನ್ನು, ಯಂತ್ರ ಅಳೆದದ್ದನ್ನಲ್ಲ. ಹುಡುಕಾಟ ಶುರು ಮಾಡಲು ಅಷ್ಟು ಸಾಕು.

## ಹಂತ 3: 15 ನಿಮಿಷ, ಒಂದೇ ದೃಶ್ಯ

ಟೈಮರ್ 15 ನಿಮಿಷಕ್ಕೆ ಇಡಿ. ಪೆನ್ನು ನಿಲ್ಲಿಸದೆ ಬರೆಯಿರಿ. ಕಾಗುಣಿತ, ವ್ಯಾಕರಣ ಯಾವುದನ್ನೂ ನೋಡಬೇಡಿ.

15 ನಿಮಿಷ ಅನ್ನುವುದು ಸುಮ್ನೆ ಹೇಳಿದ ಲೆಕ್ಕ ಅಲ್ಲ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದಿದ್ದರು. ನಡೆದ ಸಂಗತಿ ಮತ್ತು ಅದರ ಜೊತೆಗಿದ್ದ ಭಾವನೆ ಎರಡನ್ನೂ ಬರೆದವರು ಬರೆದ ಕೂಡಲೇ ಮೊದಲಿಗಿಂತ ಬೇಸರದಲ್ಲಿದ್ದರು. ಆದರೆ ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಅವರು ಹೋದದ್ದು ಕಡಿಮೆ. ಆಮೇಲೆ ನಡೆದ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಸರಾಸರಿ ಪರಿಣಾಮ ಸಣ್ಣದು, ಎಲ್ಲರಿಗೂ ಒಂದೇ ಸಮನೆ ಅಲ್ಲ. ಪವಾಡ ನಿರೀಕ್ಷಿಸಬೇಡಿ. ಬರೆದ ಕೂಡಲೇ ಮನಸ್ಸು ಮಂಕಾದರೆ ತಪ್ಪು ಮಾಡಿದೆ ಅಂದುಕೊಳ್ಳಲೂ ಬೇಡಿ.

ಈಗ ಅಸಲಿ ತೊಡಕಿಗೆ ಬರೋಣ. ಮೊದಲ ಸಲ ಬರೆಯುವವರ ಹಾಳೆ ಸಾಮಾನ್ಯವಾಗಿ ಹೀಗಿರುತ್ತದೆ:

"ಅಕ್ಕ ಯಾವಾಗಲೂ ಹೀಗೆಯೇ. ನನ್ನ ಸಮಯಕ್ಕೆ ಬೆಲೆಯೇ ಇಲ್ಲ. ಶನಿವಾರ ಮಕ್ಕಳನ್ನು ನೋಡಿಕೋ ಅಂದಳು. ನನಗೆ ತುಂಬಾ ಬೇಸರವಾಯಿತು. ನಾನು ಇಲ್ಲ ಅನ್ನುವುದನ್ನು ಕಲಿಯಬೇಕು."

ಐದು ಸಾಲಿನಲ್ಲಿ ನಡೆದದ್ದು ಒಂದೇ ಸಾಲು. ಉಳಿದದ್ದು ದೂರು, ಭಾವನೆಯ ಹೆಸರು, ಕೊನೆಗೊಂದು ಪಾಠ. ಇದನ್ನು ನೂರು ಸಲ ಬರೆದರೂ ಹೊಸದೇನೂ ಹೊರಬರುವುದಿಲ್ಲ. ಬರೆಯುವ ಮೊದಲೇ ಗೊತ್ತಿದ್ದ ಮಾತುಗಳೇ ಇಲ್ಲಿವೆ, ಅಲ್ವಾ?

ಅದೇ ಘಟನೆ ದೃಶ್ಯವಾಗಿ ಬಂದರೆ:

"ಸಂಜೆ ಆರೂವರೆ. ಒಗೆದ ಬಟ್ಟೆ ಮಡಚುತ್ತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದೆ. 'ಶನಿವಾರ ಫ್ರೀ ಇದ್ದೀಯಲ್ಲ?' ಅಂದಳು ಅಕ್ಕ. ಕೈಯಲ್ಲಿದ್ದ ಟವೆಲ್ ಅರ್ಧ ಮಡಚಿದ್ದು ಹಾಗೇ ನಿಂತಿತು. ಒಳಗೆ ಎಳೆದುಕೊಂಡ ಉಸಿರು ಹೊರಗೆ ಬಿಡಲಿಲ್ಲ. 'ಹೂಂ ಅಕ್ಕ, ಇದ್ದೀನಿ' ಅಂದೆ. ಯಾತಕ್ಕೆ ಅಂತ ಅವಳಿನ್ನೂ ಹೇಳಿಯೇ ಇರಲಿಲ್ಲ."

ಕೊನೆಯ ಸಾಲು ನೋಡಿ. ಅಕ್ಕ ಕೇಳುವ ಮೊದಲೇ ಇವಳು ಒಪ್ಪಿಕೊಂಡಿದ್ದಾಳೆ. ಮೊದಲ ಹಾಳೆಯಲ್ಲಿ ಈ ಸಂಗತಿಯೇ ಇರಲಿಲ್ಲ. ಟವೆಲ್ಲು, ಉಸಿರು, ಅವಳಂದ ಮಾತು ಇವನ್ನು ಸಾಲಾಗಿ ಬರೆದುಕೊಂಡು ಬಂದದ್ದಕ್ಕೆ ಅದು ಹೊರಬಿತ್ತು.

ದೃಶ್ಯ ಬರಬೇಕಾದರೆ ಮೂರು ನಿಯಮ ಸಾಕು. "ಯಾವಾಗಲೂ", "ಯಾವತ್ತೂ" ಅನ್ನುವ ಪದ ಬಳಸಬೇಡಿ. "ಯಾಕೆ" ಅನ್ನುವ ಪ್ರಶ್ನೆಗೆ ಈ 15 ನಿಮಿಷ ಉತ್ತರ ಕೊಡಬೇಡಿ, ಏನಾಯಿತು, ಆಮೇಲೆ ಏನಾಯಿತು ಅಷ್ಟೇ. ಐದಾರು ಸಾಲಿಗೊಮ್ಮೆ ಆ ಹೊತ್ತಿನಲ್ಲಿ ಕೈ ಎಲ್ಲಿತ್ತು, ಉಸಿರು ಹೇಗಿತ್ತು, ಕಣ್ಣು ಏನನ್ನು ನೋಡುತ್ತಿತ್ತು ಅಂತ ಒಂದು ಸಾಲು ಸೇರಿಸಿ. ನೆನಪಿಲ್ಲದಿದ್ದರೆ "ನೆನಪಿಲ್ಲ" ಅಂತ ಬರೆದು ಮುಂದೆ ಹೋಗಿ. ಕಟ್ಟಿ ಸೇರಿಸಬೇಡಿ. ನಾವು ಪ್ರತಿಸಲ ನೆನಪಿಸಿಕೊಂಡಾಗಲೂ ನೆನಪು ಸ್ವಲ್ಪ ಬದಲಾಗುವ ಸಾಧ್ಯತೆ ಇದ್ದೇ ಇದೆ. ಅದರ ಮೇಲೆ ನಾವೇ ಬಣ್ಣ ಬಳಿದರೆ ಎರಡು ವಾರದಲ್ಲಿ ಯಾವುದು ನಡೆದದ್ದು, ಯಾವುದು ಬರೆದದ್ದು ಅಂತ ಗೊತ್ತಾಗುವುದಿಲ್ಲ.

ಟೈಮರ್ ಬಡಿದ ಕೂಡಲೇ ನಿಲ್ಲಿಸಿ. ಅರ್ಧ ವಾಕ್ಯದಲ್ಲಿದ್ದರೂ ಪರವಾಗಿಲ್ಲ.

## ಹಂತ 4: ಗಟ್ಟಿಯಾಗಿ ಓದಿ, ಮೈ ಎಲ್ಲಿ ಬದಲಾಗುತ್ತದೆ ನೋಡಿ

ಇಡೀ ವಿಧಾನದಲ್ಲಿ ಅತಿ ಮುಖ್ಯವಾದ ಹಂತ ಇದು. ಎಲ್ಲರೂ ಹಾರಿಸುವುದೂ ಇದನ್ನೇ. ಬರೆದು ಮುಗಿಸಿದ ಖುಷಿಯಲ್ಲಿ ಪುಸ್ತಕ ಮುಚ್ಚಿಡುತ್ತಾರೆ.

ಬರೆದದ್ದನ್ನು ನಿಮಗೆ ಕೇಳುವಷ್ಟು ದನಿಯಲ್ಲಿ, ನಿಧಾನವಾಗಿ ಓದಿ. ಪೆನ್ನು ಕೈಯಲ್ಲೇ ಇರಲಿ. ಓದುವಾಗ ದನಿ ಸಣ್ಣಗಾದ ಜಾಗ, ಓಟ ಜಾಸ್ತಿಯಾದ ಜಾಗ, ಉಸಿರು ಕಟ್ಟಿದ ಜಾಗ, ನಗು ಬಂದ ಜಾಗ ಇವುಗಳ ಕೆಳಗೆ ಗೆರೆ ಎಳೆಯಿರಿ. ನಗುವನ್ನು ಕಡೆಗಣಿಸಬೇಡಿ. ನಗಬೇಕಾದ ಸಂಗತಿಯೇ ಇಲ್ಲದ ಕಡೆ ನಗು ಬಂದರೆ ಅಲ್ಲಿ ಏನೋ ಇದೆ.

ಗೆರೆ ಎಳೆದ ಜಾಗಗಳಲ್ಲಿ ಒಂದನ್ನು ಆರಿಸಿ. ನಮ್ಮ ತಂಗಿಗೆ ಅದು "ಉಸಿರು ಹೊರಗೆ ಬಿಡಲಿಲ್ಲ" ಅನ್ನುವ ಸಾಲು ಅಂದುಕೊಳ್ಳಿ. ಆ ಸಾಲನ್ನು ಮತ್ತೆ ಓದಿ, ಹಾಳೆ ಕೆಳಗಿಟ್ಟು, ಮೈ ಕಡೆ ಗಮನ ಕೊಡಿ. ಎರಡನೇ ಹಂತದಲ್ಲಿ ಬರೆದುಕೊಂಡ ಪಟ್ಟಿಯಲ್ಲಿ ಇಲ್ಲದ್ದು ಈಗ ಏನಾದರೂ ಇದೆಯಾ? ಗಂಟಲಲ್ಲಾ, ಎದೆ ಮಧ್ಯದಲ್ಲಾ, ಹೊಟ್ಟೆಯ ಮೇಲ್ಭಾಗದಲ್ಲಾ?

ಸಿಕ್ಕಿದ ಕೂಡಲೇ ಅದಕ್ಕೆ ಹೆಸರಿಡಲು ಅವಸರ ಮಾಡಬೇಡಿ. ಅರ್ಧ ನಿಮಿಷ ಅದರ ಜೊತೆ ಸುಮ್ಮನೆ ಕೂತಿರಿ. ಆಮೇಲೆ ಒಂದು ಪದ ಹೇಳಿ ನೋಡಿ: "ಭಯ". ಮೈ ಏನನ್ನುತ್ತದೆ? ಹೌದು ಅನ್ನಿಸದಿದ್ದರೆ ಬಿಡಿ. "ಸಿಟ್ಟು"? ಅದೂ ಅಲ್ಲ. "ಸಿಕ್ಕಿಬಿದ್ದೆ"? ಇದು ಹತ್ತಿರ. "ತಡ ಮಾಡಿದರೆ ಬೇಜಾರು ಮಾಡ್ಕೋತಾಳೆ"? ಪದ ಸರಿಯಾಗಿ ಕೂತಾಗ ಸಾಮಾನ್ಯವಾಗಿ ಮೈ ತಾನೇ ತೋರಿಸುತ್ತದೆ. ತಡೆದಿದ್ದ ಉಸಿರು ಹೊರಬರುತ್ತದೆ, ಭುಜ ಇಳಿಯುತ್ತದೆ, ಕೆಲವರಿಗೆ ಕಣ್ಣು ತುಂಬುತ್ತದೆ.

ಹೀಗೆ ಪದ ಹುಡುಕುತ್ತಾ ತಡವರಿಸುವುದು ಒಳ್ಳೆಯ ಲಕ್ಷಣ. ಮನಶ್ಶಾಸ್ತ್ರಜ್ಞ ಯೂಜೀನ್ ಜೆಂಡ್ಲಿನ್ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಆಪ್ತಸಮಾಲೋಚನೆಯ ಧ್ವನಿಮುದ್ರಣಗಳನ್ನು ಕೇಳಿ ಗಮನಿಸಿದ್ದೂ ಇದನ್ನೇ. ಚಿಕಿತ್ಸೆಯಿಂದ ಪ್ರಯೋಜನ ಪಡೆದವರು ಮಾತಿನ ನಡುವೆ ನಿಲ್ಲುತ್ತಿದ್ದರು. ಇನ್ನೂ ಸ್ಪಷ್ಟವಾಗದ ಏನೋ ಒಂದನ್ನು ಒಳಗೆ ಗಮನಿಸಿ, ಅದಕ್ಕೆ ಪದ ಹುಡುಕುತ್ತಿದ್ದರು. ನಿರರ್ಗಳವಾಗಿ ವಿವರಣೆ ಬರುತ್ತಿದೆ ಅಂದರೆ ನೀವಿನ್ನೂ ತಲೆಯಿಂದಲೇ ಮಾತಾಡುತ್ತಿದ್ದೀರಿ ಅಂತ ತಿಳಿಯಿರಿ.

ಏನೂ ಸಿಗದವರಿಗೆ: ಎದ್ದು ನಿಂತು ಅದೇ ಸಾಲು ಓದಿ. ಘಟನೆ ನಡೆದಾಗ ಮೈ ಹೇಗಿತ್ತೋ ಹಾಗೇ ನಿಂತು ನೋಡಿ. ಉದಾಹರಣೆಗೆ ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಒಂದು ಟವೆಲ್ ಹಿಡಿದು. ಕೂತಾಗ ಸಿಗದ್ದು ಹಾಗೆ ನಿಂತಾಗ ಸಿಗುವುದುಂಟು. ಆಗಲೂ ಸಿಗದಿದ್ದರೆ ಆ ದಿನಕ್ಕೆ ಬಿಡಿ. ಒತ್ತಾಯ ಮಾಡಿದರೆ ಮೈಯಲ್ಲಿ ಇಲ್ಲದ್ದನ್ನು ಇದೆ ಅಂದುಕೊಳ್ಳುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೈ ಸುಳ್ಳು ಹೇಳುವುದಿಲ್ಲ ಅನ್ನುವ ಮಾತು ಚಾಲ್ತಿಯಲ್ಲಿದೆ. ಎದೆ ಬಡಿತ ಏರಿದ್ದು ನಿಜವೇ ಇರಬಹುದು, ಅದಕ್ಕೆ ನಾವು ಕೊಡುವ ಕಾರಣ ಪೂರ್ತಿ ತಪ್ಪಿರಬಹುದು. ಮನಶ್ಶಾಸ್ತ್ರಜ್ಞರಾದ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಕೆನಡಾದ ಎತ್ತರದ ತೂಗುಸೇತುವೆಯೊಂದರ ಮೇಲೆ ಮಾಡಿದ ಪ್ರಯೋಗವನ್ನು 1974ರಲ್ಲಿ ಪ್ರಕಟಿಸಿದ್ದರು. ಸೇತುವೆ ದಾಟುತ್ತಿದ್ದ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ ತನ್ನ ಫೋನ್ ನಂಬರ್ ಕೊಟ್ಟಳು. ಗಟ್ಟಿಯಾದ, ತಗ್ಗಿನ ಸೇತುವೆ ದಾಟಿದವರಿಗಿಂತ ತೂಗುಸೇತುವೆಯ ಮೇಲಿದ್ದವರು ಆಮೇಲೆ ಅವಳಿಗೆ ಜಾಸ್ತಿ ಫೋನ್ ಮಾಡಿದರು. ಎತ್ತರದಿಂದ ಎದ್ದ ಎದೆ ಬಡಿತವನ್ನು ಅವಳ ಮೇಲಿನ ಆಕರ್ಷಣೆ ಅಂದುಕೊಂಡರು ಅನ್ನುವುದು ಸಂಶೋಧಕರ ವಿವರಣೆ. ಹಾಗಾಗಿ ನಿದ್ದೆಗೆಟ್ಟ ದಿನ, ಹಸಿದ ಹೊತ್ತು, ಜ್ವರ ಇರುವಾಗ, ಕೆಫೀನ್ ಜಾಸ್ತಿಯಾದಾಗ ಮೈ ಹೇಳಿದ್ದನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಇನ್ನೊಂದು ದಿನ ಅದೇ ಸಾಲಿಗೆ ಅದೇ ಸೂಚನೆ ಬಂದರೆ ಆಗ ನಂಬಿ.

ಮುಗಿಸುವಾಗ ಎರಡು ನಿಮಿಷ ಪಾದದ ಕಡೆ ಗಮನ ಕೊಡಿ, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಉಸಿರು ಹೊರಗೆ ಬಿಡುವಾಗ ಎದೆ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಇದು ಕೆಲಸ ಮಾಡುವುದು. ಆಮೇಲೆ ಎದ್ದು ಕೋಣೆಯಿಂದ ಹೊರಗೆ ಹೋಗಿ. ಮೊದಲ ದಿನದ ಕೆಲಸ ಇಲ್ಲಿಗೆ ಮುಗಿಯಿತು.

## ಹಂತ 5: ಅದೇ ಕಥೆ, ಬೇರೆ ಕಡೆಯಿಂದ ಶುರು

ಮರುದಿನವೋ ಅದರ ಮರುದಿನವೋ ಮಾಡಿ. ಅದೇ ದಿನ ಬೇಡ.

ಹಾಳೆಯ ಮೇಲೆ ಎರಡು ಪ್ರಶ್ನೆ ಬರೆದುಕೊಳ್ಳಿ. ನನ್ನ ಕಥೆ ಎಲ್ಲಿಂದ ಶುರುವಾಯಿತು? ಅದಕ್ಕೂ ಮೊದಲು ಏನು ನಡೆದಿತ್ತು? ಕಥೆಯನ್ನು ಎಲ್ಲಿಂದ ಶುರು ಮಾಡುತ್ತೇವೆ ಅನ್ನುವುದರ ಮೇಲೆ ತಪ್ಪು ಯಾರದ್ದು ಅನ್ನುವುದು ನಿರ್ಧಾರವಾಗಿಬಿಡುತ್ತದೆ. ಅಕ್ಕನ ಫೋನಿನಿಂದ ಶುರು ಮಾಡಿದರೆ ತಪ್ಪು ಅಕ್ಕನದ್ದು. ಒಂದು ದಿನ ಹಿಂದಕ್ಕೆ ಹೋದಾಗ ತಂಗಿಗೆ ನೆನಪಾಗುತ್ತದೆ: ತಾನೇ ಅಕ್ಕನಿಗೆ ಫೋನ್ ಮಾಡಿ "ಈ ವಾರ ಯಾಕೋ ಬೋರು, ಏನೂ ಕೆಲಸ ಇಲ್ಲ" ಅಂದಿದ್ದಳು. ಅಕ್ಕ ಅದನ್ನು ಕೇಳಿಸಿಕೊಂಡೇ ಫೋನ್ ಮಾಡಿದ್ದು. ಕಥೆಯ ಬಣ್ಣವೇ ಬದಲಾಯಿತು.

ಈಗ 15 ನಿಮಿಷ ಬರೆಯಿರಿ, ಈ ಸಲ "ನಾನು" ಬಿಟ್ಟು "ಅವಳು" ಅಥವಾ "ಅವನು" ಅಂತ. ನಿಮ್ಮ ಹೆಸರನ್ನೇ ಬಳಸಬಹುದು. ಮನಶ್ಶಾಸ್ತ್ರಜ್ಞರಾದ ಈಥನ್ ಕ್ರಾಸ್, ಓಜ್ಲೆಮ್ ಐಡುಕ್ ಮೊದಲಾದವರ ಸಂಶೋಧನೆಗಳಲ್ಲಿ ಕಂಡಂತೆ, ನಮ್ಮನ್ನೇ ಸ್ವಲ್ಪ ದೂರದಿಂದ ನೋಡಿದಾಗ ಹಳೆಯ ಘಟನೆ ಕಲಕುವುದು ಕಡಿಮೆಯಾಗುತ್ತದೆ, ಯೋಚಿಸಲು ಜಾಗ ಸಿಗುತ್ತದೆ. ಆದರೆ ಇದನ್ನು ಮೊದಲ ದಿನವೇ ಮಾಡಿದರೆ ಮೈಯ ಸೂಚನೆಗಳೂ ದೂರ ಹೋಗಿಬಿಡುತ್ತವೆ. ಅದಕ್ಕೇ ಇದು ಐದನೇ ಹಂತ.

"ಯಾಕೆ" ಅನ್ನುವ ಪ್ರಶ್ನೆಗೆ ಈಗ ಬಾಗಿಲು ತೆರೆಯಬಹುದು. ಪೆನ್ನೆಬೇಕರ್ ನಂತರದ ದಿನಗಳಲ್ಲಿ ಗಮನಿಸಿದ್ದು: ಬರೆಯುತ್ತಾ ಹೋದಂತೆ "ಯಾಕಂದ್ರೆ", "ಈಗ ಗೊತ್ತಾಗ್ತಿದೆ" ಅನ್ನುವಂಥ ಮಾತುಗಳು ಹೆಚ್ಚಾದವರಿಗೆ ಪ್ರಯೋಜನವೂ ಹೆಚ್ಚು. ಮೊದಲ ದಿನವೇ ಎಲ್ಲ ಕಾರಣ ಗೊತ್ತಿದ್ದವರಿಗೆ ಅಲ್ಲ, ದಿನ ಕಳೆದಂತೆ ಅವು ಹುಟ್ಟಿಕೊಂಡವರಿಗೆ.

ಈ ಹಂತದಲ್ಲಿ ಆಗುವ ದೊಡ್ಡ ತಪ್ಪು ಸುಖಾಂತ್ಯ ಅಂಟಿಸುವುದು. ಡ್ಯಾನ್ ಮ್ಯಾಕ್‌ಆಡಮ್ಸ್ ಬದುಕಿನ ಕಥೆಗಳನ್ನು ಬಹುಕಾಲ ಅಧ್ಯಯನ ಮಾಡಿದವರು. ಕೆಟ್ಟದ್ದರಿಂದ ಏನೋ ಒಳ್ಳೆಯದು ಹುಟ್ಟಿತು ಅಂತ ಕಥೆ ಕಟ್ಟಿಕೊಳ್ಳುವವರು ಹೆಚ್ಚು ನೆಮ್ಮದಿಯಾಗಿರುವುದು ಅವರ ತಂಡಕ್ಕೆ ಕಂಡಿತ್ತು. ಇದನ್ನು ಓದಿದವರು ತಮ್ಮ ಪ್ರತಿ ಕಥೆಯ ಕೊನೆಗೂ "ಇದರಿಂದ ನಾನು ಗಟ್ಟಿಯಾದೆ" ಅಂತ ಬರೆದುಬಿಡುತ್ತಾರೆ. ಆ ಸಾಲು ಗಟ್ಟಿಯಾಗಿ ಓದಿ, ಮೈ ನೋಡಿ. ದವಡೆ ಬಿಗಿಯುತ್ತಿದ್ದರೆ ಆ ಸಾಲು ನಿಮ್ಮದಲ್ಲ. ಹೊಡೆದು ಹಾಕಿ. ಇನ್ನೂ ಮುಗಿದಿಲ್ಲ ಅನ್ನುವುದೂ ಕಥೆಯ ಕೊನೆಯೇ.

## ಹಂತ 6: ಒಬ್ಬರಿಗೆ ಹೇಳಿ

ಕಡ್ಡಾಯ ಅಲ್ಲ. ಆದರೆ ಬರೆದದ್ದನ್ನು ಬಾಯಲ್ಲಿ ಹೇಳುವಾಗ ಬೇರೆಯೇ ಒಂದು ಜಾಗದಲ್ಲಿ ಗಂಟಲು ಕಟ್ಟುತ್ತದೆ, ಅದು ಉಪಯೋಗಕ್ಕೆ ಬರುತ್ತದೆ.

ಕೇಳುವವರು ಕಥೆಯೊಳಗಿನ ವ್ಯಕ್ತಿ ಆಗಿರಬಾರದು. ಅಕ್ಕನಿಗೇ ಹೇಳಲು ಹೋದರೆ ಅದು ಜಗಳವಾಗುತ್ತದೆ. ಸಲಹೆ ಕೊಡುವ ಚಟ ಇರುವವರೂ ಬೇಡ. ಮೊದಲೇ ಹೇಳಿಬಿಡಿ: "ಹತ್ತು ನಿಮಿಷ ಕೇಳು. ಏನು ಮಾಡಬೇಕು ಅಂತ ಹೇಳಬೇಡ. ನಾನು ಮುಗಿಸಿದ ಮೇಲೆ, ನಿನಗೆ ಯಾವ ಜಾಗದಲ್ಲಿ ನನ್ನ ದನಿ ಬದಲಾಯಿತು ಅನ್ನಿಸಿತು, ಅಷ್ಟು ಹೇಳು."

ಹಾಳೆ ನೋಡಿ ಓದಬೇಡಿ, ನೆನಪಿನಿಂದ ಹೇಳಿ. ಅವರು ಹೇಳಿದ ಜಾಗ ನೀವು ಗೆರೆ ಎಳೆದ ಜಾಗಕ್ಕೆ ಹೊಂದಿದರೆ ಸರಿ. ಹೊಂದದಿದ್ದರೆ ಇನ್ನೂ ಒಳ್ಳೆಯದು, ಮನೆಗೆ ಬಂದು ಆ ಸಾಲಿಗೆ ನಾಲ್ಕನೇ ಹಂತ ಮಾಡಿ.

ಸೋಶಿಯಲ್ ಮೀಡಿಯಾದಲ್ಲಿ ಹಾಕುವುದು ಹೇಳಿದಂತೆ ಅಲ್ಲ. ಅಲ್ಲಿ ಬರೆಯುವಾಗ ಓದುವವರಿಗೆ ಹಿಡಿಸುವಂತೆ ಕಥೆ ತಾನಾಗಿಯೇ ನೆಟ್ಟಗಾಗುತ್ತದೆ.

## ಹಂತ 7: ಒಂದು ಸಣ್ಣ ಬದಲಾವಣೆ, ಅದೂ ಮೈಯಲ್ಲಿ

"ಇನ್ನು ಮೇಲೆ ಇಲ್ಲ ಅನ್ನುವುದನ್ನು ಕಲಿಯುತ್ತೇನೆ" ಅನ್ನುವ ನಿರ್ಧಾರ ನಾಲ್ಕು ದಿನ ಬಾಳುವುದಿಲ್ಲ. ಅದನ್ನು ಯಾವ ಕ್ಷಣದಲ್ಲಿ ಮಾಡಬೇಕು ಅಂತ ಅದರಲ್ಲಿ ಇಲ್ಲ.

ನಾಲ್ಕನೇ ಹಂತದಲ್ಲಿ ಸಿಕ್ಕಿದ ಸೂಚನೆಯನ್ನೇ ಎಚ್ಚರಿಸುವ ಗಂಟೆಯಾಗಿ ಬಳಸಿ. ತಂಗಿಯ ಸೂಚನೆ ಉಸಿರು ತಡೆಯುವುದು. ಅವಳ ಬದಲಾವಣೆ ಇಷ್ಟೇ: ಉಸಿರು ತಡೆದದ್ದು ಗೊತ್ತಾದ ಕೂಡಲೇ ಅದನ್ನು ಪೂರ್ತಿ ಹೊರಗೆ ಬಿಡುವುದು, ಆಮೇಲೆ "ಯಾಕಕ್ಕಾ, ಏನಿತ್ತು?" ಅಂತ ಕೇಳುವುದು. ಆಮೇಲೆ ಅವಳು ಹೂಂ ಅಂದರೂ ಪರವಾಗಿಲ್ಲ. ಕೇಳಿಸಿಕೊಂಡು ಹೂಂ ಅಂದಳಲ್ಲ.

ಒಂದು ಕಥೆಗೆ ಒಂದೇ ಬದಲಾವಣೆ. ಎರಡು ವಾರ ಅದನ್ನೇ ಮಾಡಿ. ಮರೆತುಹೋದ ಸಲವೂ ಆಮೇಲೆ ನೆನಪಾದರೆ ಒಂದು ಸಾಲು ಬರೆದಿಡಿ: ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ಗೊತ್ತಾಯಿತು. ಮೊದಮೊದಲು ಸಂಜೆ ಗೊತ್ತಾಗುತ್ತದೆ, ಆಮೇಲೆ ಫೋನ್ ಇಟ್ಟ ಕೂಡಲೇ, ಆಮೇಲೆ ಮಾತಾಡುತ್ತಿರುವಾಗಲೇ. ಈ ಅಂತರ ಕಮ್ಮಿಯಾಗುತ್ತಿದೆಯಾ ಅಂತ ನೋಡಿ, ಪ್ರಗತಿ ಅಳೆಯಲು ಅದೇ ಸಾಕು.

## ನಿಲ್ಲಿಸಬೇಕಾದ ಸೂಚನೆಗಳು

ಬರೆದ ಮೇಲೆ ಗಂಟೆ ಎರಡು ಗಂಟೆ ಮಂಕಾಗುವುದು, ಕಣ್ಣೀರು ಬರುವುದು, ಆಯಾಸ ಆಗುವುದು ಸಹಜ. ಈ ಕೆಳಗಿನವು ಸಹಜ ಅಲ್ಲ.

ಕೋಣೆ ದೂರ ಹೋದಂತೆ, ನಿಮ್ಮ ಕೈ ನಿಮ್ಮದಲ್ಲ ಅನ್ನುವಂತೆ ಅನ್ನಿಸಿದರೆ ಆ ಕ್ಷಣವೇ ಪೆನ್ನು ಕೆಳಗಿಡಿ. ಎದ್ದು ನಿಂತು, ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳಿ. ತಣ್ಣೀರಿನಲ್ಲಿ ಕೈ ತೊಳೆಯಿರಿ. ಮೈಯನ್ನು ಇನ್ನಷ್ಟು ಗಮನಿಸಲು ಆಗ ಹೋಗಬೇಡಿ, ಗಮನ ಹೊರಗೆ ಇರಲಿ.

ಬರೆದ ಘಟನೆ ಮರುದಿನವೂ ಕೆಲಸಕ್ಕೆ ಅಡ್ಡ ಬಂದರೆ, ಒಂದು ವಾರವಾದರೂ ನಿದ್ದೆ ಸರಿಹೋಗದಿದ್ದರೆ, ಬರೆಯುವುದನ್ನೇ ನೆಪ ಮಾಡಿಕೊಂಡು ಜನರಿಂದ ದೂರವಾಗುತ್ತಿದ್ದರೆ ನಿಲ್ಲಿಸಿ, ಆಪ್ತಸಮಾಲೋಚಕರನ್ನು ಕಾಣಿ. ಬದುಕುವುದೇ ಬೇಡ ಅನ್ನಿಸಿದರೆ ಕಾಯಬೇಡಿ. ಆ ಕ್ಷಣವೇ ಹತ್ತಿರದವರಿಗೆ ಹೇಳಿ, ತುರ್ತು ಸಹಾಯ ಪಡೆಯಿರಿ.

ಮೇಲ್ನೋಟಕ್ಕೆ ಕಾಣದ ಇನ್ನೊಂದು ಸೂಚನೆ ಇದೆ. ಮೂರು ದಿನ ಬರೆದರೂ ಹಾಳೆಯಲ್ಲಿ ಒಂದೇ ಒಂದು ಹೊಸ ವಿವರ ಸೇರಿಲ್ಲ, ಸಿಟ್ಟು ಮಾತ್ರ ಹೆಚ್ಚಾಗಿದೆ ಅಂದರೆ ನೀವು ಮೆಲುಕು ಹಾಕುತ್ತಿದ್ದೀರಿ. ಇನ್ನಷ್ಟು ಬರೆದರೆ ಅದು ಆಳವಾಗುತ್ತದೆ ಅಷ್ಟೇ. ಆ ಘಟನೆಯನ್ನು ಒಂದು ತಿಂಗಳು ಬದಿಗಿಡಿ.

## ಮುಂದಿನ ಕಥೆಗೆ ಯಾವಾಗ ಹೋಗಬೇಕು

ಗೆರೆ ಎಳೆದ ಸಾಲನ್ನು ಎರಡು ವಾರದ ನಂತರ ಮತ್ತೆ ಗಟ್ಟಿಯಾಗಿ ಓದಿ. ದನಿ ತಡೆಯದೆ ಮುಂದೆ ಹೋದರೆ, ಅಥವಾ ಓದಲು ಬೋರಾದರೆ ಆ ಕಥೆಯ ಕೆಲಸ ಮುಗಿದಿದೆ. ಬೋರಾಗುವುದು ಇಲ್ಲಿ ಒಳ್ಳೆಯ ಸುದ್ದಿ. ಇನ್ನೂ ಗಂಟಲು ಕಟ್ಟುತ್ತಿದ್ದರೆ ಐದನೇ ಹಂತವನ್ನು ಇನ್ನೊಂದು ಸಲ ಮಾಡಿ, ಈ ಸಲ ಎದುರಿಗಿದ್ದ ವ್ಯಕ್ತಿಯ ಕಡೆಯಿಂದ.

ಹೊಸ ಕಥೆಯನ್ನೂ 3-4 ಅಂಕದ್ದನ್ನೇ ಆರಿಸಿ. ಪ್ರತಿ ಕಥೆಯ ತಲೆಯ ಮೇಲೆ ದಿನಾಂಕ ಮತ್ತು ಸಿಕ್ಕಿದ ಮೈಯ ಸೂಚನೆ ಬರೆದಿಡಿ. ಮೂರು ಕಥೆಯಲ್ಲೂ ಅದೇ ಜಾಗದಲ್ಲಿ ಅದೇ ಸೂಚನೆ ಬಂದರೆ, ಆ ಮೂರೂ ಹಾಳೆ ಪಕ್ಕಪಕ್ಕ ಇಟ್ಟು ಅದು ಬರುವ ಮುಂಚಿನ ಸಾಲುಗಳನ್ನು ಮಾತ್ರ ಓದಿ. ಯಾರು ಏನಂದರು, ಯಾವ ದನಿಯಲ್ಲಿ ಅಂದರು ಅಂತ ಹೋಲಿಸಿ. 5 ಅಂಕದ ಘಟನೆಗೆ ಕೈ ಹಾಕುವುದಿದ್ದರೆ ಅದಾದ ಮೇಲೆ.